ಎರಡು ಬದಿಯ ಪರದೆ

ನವೆಂಬರ್ 12, ಮಂಗಳವಾರ

ಕೆಲಸಕ್ಕೆ ಸೇರಿ ಎರಡು ವಾರ ಆಗಿಲ್ಲ, ಆಗಲೇ ತಲೆ ಕೆಟ್ಟಿದೆ. ಇವತ್ತು ಸಿಂಧನೂರಿನಲ್ಲಿ ನಮ್ಮ ಸಂಸ್ಥೆಯ ಆಫೀಸಿನಲ್ಲಿ ಮಹೇಶ್ವರಿ ಮೇಡಂ ಕರೆದು, ಮಸ್ಕಿ ಆಚೆಯ ಹಾಲಗುಡ್ಡ ಇನ್ನು ಮುಂದೆ ನಿನ್ನ ಊರು ಅಂದರು. ಅಲ್ಲಿ ಸಿನಿಮಾ ತೋರಿಸಬೇಕಂತೆ, ಮುಗಿದ ಮೇಲೆ ಜನರನ್ನು ಕೂಡಿಸಿ ಮಾತಾಡಿಸಬೇಕಂತೆ, ಹಾಗೆ ಮಾಡುತ್ತಾ ಮಾಡುತ್ತಾ ಜಗಳ ತಣ್ಣಗಾಗುತ್ತದಂತೆ. ಅಯ್ಯೋ ಶಿವನೇ! ನಮ್ಮ ಮನೆಯಲ್ಲಿ ಟೀವಿ ಧಾರಾವಾಹಿ ನೋಡಿಯೇ ಜಗಳ ಶುರುವಾಗುತ್ತದೆ. ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಎಂಟು ವರ್ಷ ಅತಿಥಿ ಶಿಕ್ಷಕಿಯಾಗಿ ದುಡಿದು ಮನೆಯಲ್ಲಿ ಕೂತವಳಿಗೆ ಸಿಕ್ಕ ಕೆಲಸ ಇದು. ಮೂರು ತಿಂಗಳು ನೋಡಿ ಆಮೇಲೆ ಖಾಯಂ ಮಾಡುತ್ತಾರೆ.

ಊರಿನ ಕಥೆ ಹೀಗಿದೆ. ಮೊಹರಮ್ಮಿಗೆ ಅಲಾಯಿ ದೇವರನ್ನು ಅಗಸಿ ಓಣಿಯ ಹಿಂದೂಗಳೂ ಮಸೀದಿ ಓಣಿಯ ಮುಸಲ್ಮಾನರೂ ಕೂಡಿಯೇ ಕೂರಿಸುತ್ತಿದ್ದರು. ದೇವರ ಮುಂದೆ ಓದಿಸಿದ ಪ್ರಸಾದದ ಸಕ್ಕರೆಯನ್ನು ಹಂಚುವವನು ಹಿಟ್ಟಿನ ಗಿರಣಿಯ ಪೀರ್‌ಸಾಬ್. ಈ ಜುಲೈನಲ್ಲಿ ಅವನು ಕುರಿ ಕಾಯುವ ಮನೆತನದ ಗ್ಯಾನಮ್ಮನ ಸೆರಗಿಗೆ ಎಡಗೈಯಲ್ಲಿ ಸಕ್ಕರೆ ಹಾಕಿದ. ಆಕೆಯ ಮಗ ಮಾಳಿಂಗರಾಯ ತನ್ನ ಮೋರೆಯೂ ಅವ್ವನ ಮೋರೆಯೂ ಒಟ್ಟಿಗೆ ಬರಲೆಂದು ಫೋನು ಮುಂದೆ ಹಿಡಿದು ವಿಡಿಯೋ ಮಾಡುತ್ತಿದ್ದ, ಅದರಲ್ಲಿ ಸಿಕ್ಕಿಬಿತ್ತು. ಅವನು ಖುಷಿಗೆ ಸ್ಟೇಟಸ್ ಹಾಕಿದ. ಯಾರೋ ಎಡಗೈ ಗುರುತಿಸಿ, ಖಾರ ಹಚ್ಚಿ ಹರಿಬಿಟ್ಟರು. ಮರುದಿನ ಕಲ್ಲು ಬಿದ್ದವು. ಮಾಳಿಂಗರಾಯನ ಹಣೆಗೆ ಹೊಲಿಗೆ, ಮಸೀದಿ ಓಣಿಯಲ್ಲಿ ಇಬ್ಬರ ಕೈ ಮುರಿಯಿತು. ಅವತ್ತಿನಿಂದ ಎರಡು ಓಣಿಗೆ ಮಾತಿಲ್ಲ. ಅಗಸಿ ಓಣಿಯವರು ಜೋಳ ಬೀಸಿಸಲು ಆಟೋ ಹತ್ತಿ ಮಸ್ಕಿಗೆ ಹೋಗುತ್ತಾರೆ.

ಪೀರ್‌ಸಾಬ್ ಮಾತ್ರ ಇವತ್ತಿಗೂ ‘ಬಲಗೈಲೇ ಹಾಕೀನಿ’ ಎನ್ನುತ್ತಾನಂತೆ. ಮೇಡಂ ವಿಡಿಯೋ ತೋರಿಸಿದರು. ಎಡಗೈ, ಸ್ಪಷ್ಟ. ಕಣ್ಣಿಗೆ ಕಾಣುವುದನ್ನೇ ಇಲ್ಲ ಎನ್ನುವವನ ಜೊತೆ ನಾನು ಏನು ಚರ್ಚೆ ಮಾಡಲಿ? ಆದರೂ ಅವನು ಯಾಕೆ ಸುಳ್ಳು ಹೇಳುತ್ತಿದ್ದಾನೆ ಅಂತ ತಿಳಿಯುವ ಚಪಲ ಹತ್ತಿದೆ.

ನವೆಂಬರ್ 15, ಶುಕ್ರವಾರ

ಅವ್ವ ಮೊಸರನ್ನದ ಡಬ್ಬಿ ಕಟ್ಟಿ, ‘ಡಾಕ್ಟರು ಹೇಳಿದ್ದು ನೆನಪೈತಿಲ್ಲೋ? ಕಂಡಕಂಡಲ್ಲಿ ತಿನ್ನಬ್ಯಾಡ’ ಅಂದಳು. ಲಿಂಗಸುಗೂರಿನಿಂದ ಮಸ್ಕಿಗೆ ಬಸ್ಸು, ಅಲ್ಲಿಂದ ಆಫೀಸಿನ ಜೀಪು. ಜೀಪು ಓಡಿಸುವವನೂ ಪ್ರೊಜೆಕ್ಟರ್ ನಡೆಸುವವನೂ ಕನಕರಾಜ. ಹಟ್ಟಿಯವನು, ಅಪ್ಪ ಚಿನ್ನದ ಗಣಿಯಲ್ಲಿ ಶಿಫ್ಟಿಗೆ ಹೋಗುತ್ತಾರೆ. ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ.

ಮೊದಲು ಊರ ಗೌಡರಾದ ಬಸವಂತರಾಯರ ಮನೆಗೆ ಹೋದೆವು. ನಮ್ಮ ಪೈಕಿಯವರೇ. ಮಂಡಾಳ ಒಗ್ಗರಣೆ, ಮಿರ್ಚಿ, ಚಹಾ. ಮಿರ್ಚಿ ಎಷ್ಟು ಚೆನ್ನಾಗಿತ್ತೆಂದರೆ ಬೇಡಬೇಡವೆನ್ನುತ್ತಲೇ ಎರಡು ತಿಂದೆ. ಗುಡಿಯ ಮುಂದೆ ಸಿನಿಮಾ ತೋರಿಸಿ ಅಂದರು.

ಅಲ್ಲಿಂದ ಗಿರಣಿಗೆ. ಬೆಲ್ಟಿಗೆ ಜೇಡ ಬಲೆ ಕಟ್ಟಿದೆ. ಪೀರ್‌ಸಾಬ್ ಎತ್ತರದ ಮುದುಕ, ಅಂಗಿಯ ತೋಳಿನ ಮಡಿಕೆಯಲ್ಲಿ ಇನ್ನೂ ಹಳೇ ಹಿಟ್ಟಿದೆ. ಚಹಾ ತರಿಸಲು ಹೋದ, ಅಸಿಡಿಟಿ ಅಂದೆ.

‘ಗುಡಿ ಮುಂದ ಪರದಿ ಕಟ್ಟಿದ್ರ ನಮ್ಮೋರು ಬರಂಗಿಲ್ರಿ ಅಕ್ಕಾರ. ಮಸೀದಿ ಮುಂದ ಕಟ್ಟಿದ್ರ ಅವರು ಬರಂಗಿಲ್ಲ’ ಅಂದ. ಆಮೇಲೆ ಮೆಷಿನ್ನಿನ ಕಡೆ ನೋಡುತ್ತಾ, ‘ನನಗೇನು, ಇನ್ನ ಸ್ವಲ್ಪ ದಿನ. ಗೊರೇಬಾಳದಾಂವ ಒಬ್ಬ ಬಂದು ಇದನ್ನ ಬಿಚ್ಚಿಗೊಂಡು ಹೊಕ್ಕಾನ. ನಾನು ಸಿಂಧನೂರಾಗ ಮಗಳ ಮನಿಗೆ ಹೋಗಿಬಿಡ್ತೀನಿ’ ಅಂದ.

‘ಹುಟ್ಟಿದ ಊರು ಬಿಟ್ಟು?’

‘ನಮ್ಮ ಓಣಿ ನಾಕು ಮನಿ ಜ್ವಾಳಕ್ಕ ಗಿರಣಿ ನಡಿಯಂಗಿಲ್ರಿ. ನಿಂತ ಗಿರಣಿ ನೋಡಕೋತ ಎಷ್ಟು ದಿನ ಕುಂದರ್ಲಿ ಹೇಳ್ರಿ?’

ಎಡಗೈಯ ವಿಷಯ ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು, ಕನಕರಾಜ ಕಣ್ಣು ಬಿಟ್ಟ. ಎದ್ದು ಬಂದೆ.

ಗ್ಯಾನಮ್ಮನ ಮನೆಗೂ ಹೋದೆ. ಬಾಯಲ್ಲಿ ಹಲ್ಲಿಲ್ಲ, ನಾಲಿಗೆ ಮಾತ್ರ ಚಾಕು. ‘ಸಿನಿಮಾದಾಕಿ ಬಂದ್ಯಾ? ಬಾ ಯವ್ವಾ’ ಅಂತ ಚಾಪೆ ಹಾಸಿದಳು. ಸಕ್ಕರೆ ಯಾವ ಕೈಯಲ್ಲಿ ಬಿತ್ತು ಅಂತ ಕೇಳಿಯೇಬಿಟ್ಟೆ. ‘ಸೆರಗೊಡ್ಡಿ ಕಣ್ಣು ಮುಚ್ಚಿದ್ನೆವ್ವಾ, ಕೈ ಯಾರು ನೋಡ್ತಾರ?’ ಅಂದಳು. ಅವಳ ದೂರೇ ಬೇರೆ: ಮಸ್ಕಿಯಲ್ಲಿ ಬೀಸಿಸಿದ ಹಿಟ್ಟು ತರಿತರಿಯಂತೆ, ರೊಟ್ಟಿ ತಟ್ಟಿದರೆ ಹರಿಯುತ್ತದಂತೆ, ಬೊಚ್ಚು ಬಾಯಿಗೆ ಬರುವುದಿಲ್ಲವಂತೆ. ಮಜ್ಜಿಗೆ ಕೊಟ್ಟಳು, ಅಸಿಡಿಟಿ ಅಂದೆ. ಮಾಳಿಂಗರಾಯ ಹೊಸ್ತಿಲ ಆಚೆ ನಿಂತಿದ್ದ, ಹಣೆಯ ಮೇಲೆ ಗಾಯದ ಗೆರೆ.

ವಾಪಸು ಬರುವಾಗ ಜೀಪಿನಲ್ಲಿ ಡಬ್ಬಿ ಬಿಚ್ಚಿ ಉಂಡೆ.

ನವೆಂಬರ್ 21, ಗುರುವಾರ

ಎಲ್ಲಿ ತೋರಿಸುವುದು ಎಂಬುದೇ ಒಂದು ವಾರದ ಪಂಚಾಯ್ತಿ ಆಯಿತು. ಕೊನೆಗೆ ಕನಕರಾಜನೇ ದಾರಿ ಹುಡುಕಿದ. ಎರಡು ಓಣಿ ಸೇರುವಲ್ಲಿ, ಗಿರಣಿಯ ಎದುರು, ಬೇವಿನ ಮರದಿಂದ ಲೈಟಿನ ಕಂಬಕ್ಕೆ ರಸ್ತೆ ಅಡ್ಡವಾಗಿ ಪರದೆ. ಆಫೀಸಿನ ದಪ್ಪ ಪರದೆ ಬೇಡ, ಮಸ್ಕಿಯಲ್ಲಿ ತೆಳ್ಳನೆಯ ಬಿಳಿ ಬಟ್ಟೆ ಹೊಲಿಸಿದರೆ ಎರಡೂ ಕಡೆಯಿಂದ ಕಾಣುತ್ತದೆ. ಅವರವರು ಅವರವರ ಓಣಿಯಲ್ಲೇ ಕೂತು ನೋಡಲಿ.

ಭಲೇ ಅನ್ನಿಸಿತು. ಮೇಡಂ ಕೂಡ ಒಪ್ಪಿದರು. ಕರೆಂಟು ಬಸವಂತರಾಯರ ಮನೆಯಿಂದ, ಆದ್ದರಿಂದ ಪ್ರೊಜೆಕ್ಟರ್ ಅಗಸಿ ಓಣಿಯ ಕಡೆ. ಹಿಂದಿನ ಬದಿ ಮಸೀದಿ ಓಣಿಗೆ. ಪೀರ್‌ಸಾಬ್ ‘ಬೆಳಕು ಈ ಕಡಿಗೂ ಬರತೈತಲ್ರಿ, ಸಾಕು’ ಅಂದ.

ನವೆಂಬರ್ 24, ಭಾನುವಾರ

ಕೆಟ್ಟುಹೋಯಿತು.

ಸಂಜೆ ಸಿನಿಮಾ ಹಚ್ಚಿದಾಗ ಪರದೆಯ ಹಿಂದೆ ಒಂದು ಪಿಳ್ಳೆಯೂ ಇರಲಿಲ್ಲ. ಹೆಸರುಗಳೆಲ್ಲ ಮುಗಿದು ಕತ್ತಲು ಗಟ್ಟಿಯಾದ ಮೇಲೆ ಒಬ್ಬೊಬ್ಬರೇ ಬಂದು ಕೂತರು. ಅರ್ಧ ಗಂಟೆಯ ಚಿತ್ರ: ಅಣ್ಣತಮ್ಮಂದಿರು ಅಂಗಳದ ನಡುವೆ ಗೋಡೆ ಹಾಕಿಕೊಳ್ಳುತ್ತಾರೆ, ಕೊನೆಗೆ ಬೇಸಿಗೆಯಲ್ಲಿ ಅಣ್ಣ ಗೋಡೆಯ ಮೇಲಿಂದ ತಮ್ಮನಿಗೆ ಒಂದು ಚೊಂಬು ನೀರು ಕೊಡುತ್ತಾನೆ. ತಮ್ಮ ಕುಡಿಯುತ್ತಾನೆ. ಅಷ್ಟೇ.

ಅಗಸಿ ಓಣಿಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಕಡೆಯಿಂದ ಮಾತ್ರ ಗುಜುಗುಜು ಎದ್ದಿತು. ಚರ್ಚೆಗೆಂದು ನಾನು ಪರದೆ ಸುತ್ತಿ ಹೋಗುವಷ್ಟರಲ್ಲಿ ಎಲ್ಲರೂ ಎದ್ದು ಚಾಪೆ ಝಾಡಿಸುತ್ತಿದ್ದರು. ಒಬ್ಬ ‘ಇದನ್ನ ತೋರ್ಸಾಕ ಬಂದೀರೇನು?’ ಅಂದು ಮೋರೆ ತಿರುಗಿಸಿ ಹೋದ. ಏನಾಯಿತು? ನೀರು ಕೊಟ್ಟದ್ದರಲ್ಲಿ ತಪ್ಪೇನಿದೆ? ತಲೆ ಕೆರೆದುಕೊಂಡು ಸಾಕಾಯಿತು.

ನವೆಂಬರ್ 26, ಮಂಗಳವಾರ

ತಡೆಯಲಾಗದೆ ಗಿರಣಿಗೆ ಹೋಗಿ ಕೇಳಿದೆ. ಪೀರ್‌ಸಾಬ್ ಮೊದಲು ಏನಿಲ್ಲ ಬಿಡ್ರಿ ಅಂದ, ಆಮೇಲೆ ಸಿಟ್ಟಾದ.

‘ಎಡಗೈಲೆ ನೀರು ಕೊಡತಾನ್ರಿ ಅಂವ! ಎಡಗೈಲೆ ಕೊಟ್ರೂ ಸುಮ್ನ ತಗೊಂಡು ಕುಡೀರಿ ಅಂತ ನಮಗ ಬುದ್ಧಿ ಹೇಳಾಕತ್ತೀರೇನು? ಇಲ್ಲಾ ನನಗ ಚುಚ್ಚಾಕ ತೋರಿಸೀರೇನು?’

‘ಬಲಗೈಯಲ್ಲೇ ಕೊಡುತ್ತಾನೆ, ನಾನು ಹತ್ತು ಸಲ ನೋಡಿದ್ದೇನೆ’ ಅಂದೆ.

‘ನಾ ಕಣ್ಣಾರೆ ನೋಡೀನ್ರಿ ಅಕ್ಕಾರ.’

‘ನಾನೂ ಕಣ್ಣಾರೆ ನೋಡಿದ್ದೇನೆ!’

ಇಬ್ಬರೂ ಕೂಗಾಡಿದೆವು. ಇವನಿಗೆ ಕೈ ಗೊತ್ತಾಗುವುದಿಲ್ಲವೋ, ಹಟವೋ. ಕೋಪದಲ್ಲೇ ಗ್ಯಾನಮ್ಮನ ಮನೆಗೆ ಹೋದರೆ ಆಕೆ ಬೇರೆ: ‘ಯವ್ವಾ, ಗೌಡರ ಮನ್ಯಾಗ ಮಿರ್ಚಿ ತಿಂದಾಗ ಬರದ ಅಸಿಡಿಟಿ ನಮ್ಮನಿ ಮಜ್ಜಿಗಿಗೆ ಹೆಂಗ ಬಂತು?’ ಏನು ಬಾಯಿ ಅದು! ಮಿರ್ಚಿಯ ಸುದ್ದಿ ಅಷ್ಟು ಬೇಗ ಹೇಗೆ ಮುಟ್ಟಿತು? ನನಗೆ ಖರೇನೇ ಅಸಿಡಿಟಿ ಇದೆ, ಬೇಕಾದರೆ ಗುಳಿಗೆ ತೋರಿಸುತ್ತೇನೆ. ಹಟಕ್ಕೆ ಮಜ್ಜಿಗೆ ಗಟಗಟ ಕುಡಿದು ಲೋಟ ಕುಕ್ಕಿ ಬಂದೆ. ಇಂಗು ಹಾಕಿದ್ದಳು.

ನವೆಂಬರ್ 28, ಗುರುವಾರ

ಸಿಕ್ಕಿತು! ಸಿಕ್ಕಿತು!

ಆಫೀಸಿನ ಹಿತ್ತಲಲ್ಲಿ ಕನಕರಾಜ ಪರದೆ ಕಟ್ಟಿ ಪ್ರೊಜೆಕ್ಟರ್ ನೋಡುತ್ತಿದ್ದ. ನಾನು ಒಣಗಿದ ಟವೆಲ್ ತರಲೆಂದು ಪರದೆಯ ಹಿಂದೆ ಹೋದೆ. ತಲೆ ಎತ್ತಿದರೆ ಅಣ್ಣ ಎಡಗೈಯಲ್ಲಿ ಚೊಂಬು ಹಿಡಿದು ನಿಂತಿದ್ದಾನೆ. ಮುಂದೆ ಓಡಿ ಬಂದೆ, ಬಲಗೈ. ಹಿಂದೆ ಓಡಿದೆ, ಎಡಗೈ. ಕನಕರಾಜ ‘ಅಕ್ಕಾ, ಮೈಯಾಗ ಏನರ ಬಂದೈತೇನು?’ ಅಂದ.

ಪೀರ್‌ಸಾಬ್ ಸುಳ್ಳು ಹೇಳಿರಲಿಲ್ಲ. ಅವನು ಕಂಡದ್ದು ಎಡಗೈಯೇ. ಅಕ್ಷರ ನೋಡಿದ್ದರೆ ಉಲ್ಟಾ ಇದೆ ಅಂತ ಗೊತ್ತಾಗುತ್ತಿತ್ತು, ಆದರೆ ಹೆಸರುಗಳು ಮುಗಿದ ಮೇಲೆ ಬಂದರಲ್ಲ ಅವರು.

ಈ ಭಾನುವಾರ ಅದೇ ಚಿತ್ರವನ್ನು ಬದಿ ಬದಲಿಸಿ ತೋರಿಸಬೇಕು. ಪ್ರೊಜೆಕ್ಟರ್ ಮಸೀದಿ ಓಣಿಯಲ್ಲಿ, ಅಗಸಿ ಓಣಿಯವರು ಹಿಂದೆ. ಅವರು ಏನನ್ನುತ್ತಾರೋ ನೋಡುವ ಆಸೆ. ಮೇಡಂ ಹೆದರುತ್ತಿದ್ದಾರೆ. ‘ಶಿವಕುಮಾರಿ, ಮತ್ತ ಕಲ್ಲು ಬಿದ್ರ ನಿನ್ನ ಕೆಲಸನೂ ಇರಂಗಿಲ್ಲ, ನಂದೂ ಇರಂಗಿಲ್ಲ’ ಅಂದರು. ಬೀಳಲಿಕ್ಕಿಲ್ಲ ಅಂದೆ.

ಡಿಸೆಂಬರ್ 1, ಭಾನುವಾರ

ಎಲ್ಲವನ್ನೂ ಬರೆದಿಡಬೇಕು, ಬಿಟ್ಟರೆ ನಾಳೆ ನಾನೇ ನಂಬುವುದಿಲ್ಲ.

ಕರೆಂಟು ಪೀರ್‌ಸಾಬ್ ಗಿರಣಿಯಿಂದ ಕೊಟ್ಟರು. ಬಸವಂತರಾಯರು ಪರದೆಯ ಹಿಂದೆ ಕುರ್ಚಿ ಹಾಕಿಕೊಂಡು ಮುಖ ಗಂಟಿಕ್ಕಿ ಕೂತರು. ಹೆಸರು ಬರುವಾಗ ಬೇಕಂತಲೇ ಪ್ರೊಜೆಕ್ಟರಿಗೆ ಕೈ ಅಡ್ಡ ಹಿಡಿದೆ. ಚೊಂಬಿನ ನೀರು ಬಂತು.

‘ಏ, ಎಡಗೈಲೆ ಕೊಡತಾನ ನೋಡ್ಲೇ!’ ಅಗಸಿ ಓಣಿಯಿಂದ ಒಬ್ಬ ಕೂಗಿದ.

‘ಸಿನಿಮಾ ಬದಲಿ ಮಾಡ್ಯಾರ! ಆವತ್ತು ಬಲಗೈ ಇತ್ತು.’

ಪರದೆಯ ಈ ಕಡೆಯಿಂದ ಮಸೀದಿ ಓಣಿಯವರು, ‘ಎಲ್ಲೈತಿ ಎಡಗೈ? ಬಲಗೈ ಐತಿ!’

‘ನಿಮ್ಮ ಕಣ್ಣಾಗ ಮಣ್ಣು ಬಿದ್ದೈತೇನು? ಎಡಗೈ!’

‘ಬಲಗೈ! ಹೋದ ವಾರ ಎಡಗೈ ಇತ್ತು, ನಮಗ ಹೆದರಿ ಬಲಗೈ ಮಾಡ್ಯಾರ!’

ಬಟ್ಟೆಯ ಎರಡೂ ಕಡೆ ಜನ ಎದ್ದು ನಿಂತರು. ಮೇಡಂ ಹೇಳಿದ ಕಲ್ಲು ಇನ್ನೇನು ಬಂತು ಅಂದುಕೊಂಡೆ. ಐದು ತಿಂಗಳ ಮೇಲೆ ಈ ಊರು ಮೊದಲ ಸಲ ಒಬ್ಬರಿಗೊಬ್ಬರು ಮಾತಾಡುತ್ತಿದೆ ಎಂಬುದು ಹೊಳೆದದ್ದು ಆಮೇಲೆ.

ಅಷ್ಟರಲ್ಲಿ ಗ್ಯಾನಮ್ಮ ಮೊಣಕಾಲು ಹಿಡಿದು ಎದ್ದಳು. ಬೇವಿನ ಮರ ಸುತ್ತಿ ನೆಟ್ಟಗೆ ಮಸೀದಿ ಓಣಿಗೆ ಬಂದಳು. ಕನಕರಾಜ ಚಿತ್ರವನ್ನು ಆ ಚೊಂಬಿನಲ್ಲೇ ನಿಲ್ಲಿಸಿದ. ಆಕೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು, ತಿರುಗಿ ಹೋಗಿ ಆ ಕಡೆಯಿಂದ ನೋಡಿದಳು, ಮತ್ತೆ ಈ ಕಡೆ ಬಂದಳು. ‘ಅಯ್ಯ ನಿಮ್ಮ ಬಾಯಾಗ! ಇಲ್ಲಿ ಬಲಗೈ, ಅಲ್ಲಿ ಎಡಗೈ. ಒಂದೇ ಕೈಯಲೇ!’ ಅಂದಳು. ಆಮೇಲೆ ಜನವೋ ಜನ. ಇಲ್ಲಿಯವರು ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ, ಮರದ ಹತ್ತಿರ ಡಿಕ್ಕಿ ಹೊಡೆದುಕೊಂಡು ನಗು. ಬಸವಂತರಾಯರೂ ಧೋತರ ಎತ್ತಿ ಹಿಡಿದು ಒಂದು ಸುತ್ತು ಬಂದರು.

ನಗು ನಿಲ್ಲುವ ಮೊದಲೇ ಗ್ಯಾನಮ್ಮ ಮಗನನ್ನು ಕರೆದಳು. ‘ಮಾಳ್ಯಾ, ಆ ಸಕ್ಕರಿ ವಿಡಿಯೋ ಹಚ್ಚು.’

‘ಈಗ್ಯಾಕಬೇ ಅದು?’

‘ಪರದಿ ಉಲ್ಟಾ ತೋರಿಸಿದ್ರ ಫೋನು ತೋರಸಂಗಿಲ್ಲೇನು? ಹಚ್ಚು ಅಂದ್ರ ಹಚ್ಚು.’

ಅವನು ಹಚ್ಚಿದ. ನೋಡಿದ. ಮತ್ತೊಮ್ಮೆ ನೋಡಿದ. ವಿಡಿಯೋದಲ್ಲಿ ಪೀರ್‌ಸಾಬರ ಬೆನ್ನ ಹಿಂದೆ ಗಿರಣಿಯ ಬೋರ್ಡು. ಅದರ ಅಕ್ಷರಗಳೆಲ್ಲ ಹಿಂದುಮುಂದು. ಎಲ್ಲರೂ ಕೈಯನ್ನೇ ನೋಡಿದ್ದರು, ಬೋರ್ಡನ್ನು ಒಬ್ಬರೂ ಓದಿರಲಿಲ್ಲ. ‘ಮಕಾ ನೋಡ್ಕೊಳ್ಳೋ ಕ್ಯಾಮೆರಾದಾಗ ಹಿಡಿದ್ರ ಕೆಲವು ಫೋನಿನ್ಯಾಗ ಕನ್ನಡಿ ಹಂಗ ಬರತೈತ್ರಿ’ ಅಂತ ಕನಕರಾಜ ಮೆಲ್ಲಗೆ ಹೇಳಿದ.

ಫೋನು ಕೈಯಿಂದ ಕೈಗೆ ಹೋಗಿ ಕೊನೆಗೆ ಪೀರ್‌ಸಾಬರ ಕೈಗೆ ಬಂತು. ಅವರು ಬಹಳ ಹೊತ್ತು ನೋಡಲಿಲ್ಲ.

‘ನಾ ಬಲಗೈ ಅಂದೆ, ಯಾರೂ ನಂಬಲಿಲ್ಲ. ಫೋನು ಎಡಗೈ ಅಂತು, ನಂಬಿದ್ರಿ. ಈಗ ಸೈತ ನೀವು ನಂಬಿದ್ದು ನನ್ನಲ್ಲ, ಬೋರ್ಡು’ ಅಂದರು.

ಫೋನನ್ನು ಮಾಳಿಂಗರಾಯನ ಕೈಗಿಟ್ಟು ಗಿರಣಿಯ ಒಳಗೆ ಹೋದರು. ಕರೆಂಟು ತೆಗೆದರು. ಪರದೆ ಕಪ್ಪಾಯಿತು. ಜನ ಕತ್ತಲಲ್ಲಿ ಒಬ್ಬರ ಮೋರೆ ಒಬ್ಬರಿಗೆ ಕಾಣದಂತೆ ಮನೆಗೆ ಹೋದರು.

ಡಿಸೆಂಬರ್ 2, ಸೋಮವಾರ

ನಾನೂ ಆ ವಿಡಿಯೋ ನೋಡಿದ್ದೆ. ನಾನೂ ಬೋರ್ಡು ಓದಲಿಲ್ಲ. ಎಂಟು ವರ್ಷ ಮಕ್ಕಳಿಗೆ ಓದಲು ಕಲಿಸಿದವಳು. ಬರೆಯಲು ಬೇಜಾರು.

ಡಿಸೆಂಬರ್ 9, ಸೋಮವಾರ

ಸತ್ಯ ಗೊತ್ತಾಯಿತಲ್ಲ, ಇನ್ನು ಎಲ್ಲ ಸರಿ ಅಂತ ಮೇಡಂ ವರದಿ ಬರೆ ಅಂದರು. ಏನು ಸರಿ? ಹಾಲಗುಡ್ಡದಲ್ಲಿ ಈಗ ಮೊದಲಿಗಿಂತ ಹೆಚ್ಚು ಮೌನ. ಅಗಸಿ ಓಣಿಯ ಹೆಂಗಸರು ಇವತ್ತೂ ಮಸ್ಕಿಯ ಆಟೋ ಹತ್ತಿದರು, ಗಿರಣಿಯ ಮುಂದೆ ಹಾಯುವಾಗ ಆ ಕಡೆ ಮುಖ ಮಾಡಿ. ಮೊದಲು ಸಿಟ್ಟಿಗೆ ಹೋಗುತ್ತಿದ್ದರು, ಈಗ ನಾಚಿಕೆಗೆ. ಗೊರೇಬಾಳದವನು ಇದೇ ಗುರುವಾರ ಟೆಂಪೋ ತರುತ್ತಾನಂತೆ. ಪೀರ್‌ಸಾಬರು ಮಗಳಿಗೆ ಹೇಳಿ ಕಳಿಸಿದ್ದಾರೆ, ಕೋಣೆ ಖಾಲಿ ಮಾಡಿಸು ಅಂತ.

ಗ್ಯಾನಮ್ಮನ ಅಡುಗೆ ಒಲೆಯ ಮುಂದೆ ಕೂತು ಜಗಳವಾಡಿದೆ. ‘ನೀವೇ ಹೋಗಿ ಒಂದು ಮಾತು ಹೇಳಬಾರದೇ?’

‘ಯಾವ ಮಕಾ ತಗೊಂಡು ಹೋಗ್ಲಿ? ಸೆರಗಿನಾಗ ಬಿದ್ದದ್ದು ಸಕ್ಕರಿನೇ ಅಲ್ಲೇನು ಅಂತ ಆವತ್ತೇ ನಾ ಅಂದಿದ್ರ ಮುಗೀತಿತ್ತು. ಮಗ ಕಲ್ಲು ತಿಂದು ಬಂದ, ಬಾಯಿ ಮುಚ್ಚಿಕೊಂಡೆ. ಈಗ ಆಂವ ಹೋಗಬೇಕು, ನಾ ಅಲ್ಲ.’

ಆಂವ, ಅಂದರೆ ಮಾಳಿಂಗರಾಯ, ಕುರಿ ಹಟ್ಟಿಯ ಕಡೆ ಮುಖ ಮಾಡಿ ಕೂತಿದ್ದ. ಕೇಳಿಸಲಿ ಅಂತಲೇ ನಾವಿಬ್ಬರೂ ಗಟ್ಟಿಯಾಗಿ ಮಾತಾಡಿದೆವು. ಅವನು ತಿರುಗಲಿಲ್ಲ. ಹಿಟ್ಟು ಖರೇ ತರಿತರಿ. ಗ್ಯಾನಮ್ಮ ತಟ್ಟಿದ ರೊಟ್ಟಿ ಹಂಚಿಗೆ ಹಾಕುವಾಗಲೇ ಹರಿದವು, ಪುಂಡಿಪಲ್ಯದ ಜೊತೆ ಆ ತುಂಡುಗಳನ್ನೇ ಬಡಿಸಿಕೊಂಡೆ. ಬಳ್ಳೊಳ್ಳಿ ಖಾರ ಇನ್ನಷ್ಟು ಬೇಕಿತ್ತು.

ಪೀರ್‌ಸಾಬ್ ಕಾಕಾನ ಹತ್ತಿರ ಹೋಗಿ ‘ನಾನೂ ನಿಮ್ಮನ್ನು ನಂಬಿರಲಿಲ್ಲ’ ಅಂದುಬಿಟ್ಟೆ. ‘ನೀವು ಕೇಳಾಕರ ಬಂದ್ರಿ’ ಅಂದು ಚಹಾ ತರಿಸಿದರು. ನಾನು ಬಸ್ಸು ತಪ್ಪುವತನಕ ಅಲ್ಲೇ ಕೂತಿದ್ದೆ.

ಡಿಸೆಂಬರ್ 12, ಗುರುವಾರ

ಇವತ್ತು ಹಾಲಗುಡ್ಡದಲ್ಲಿ ನನಗೆ ಕೆಲಸವಿರಲಿಲ್ಲ. ಆದರೂ ಹೋದೆ. ಕನಕರಾಜ ಯಾಕೆ ಅಂತ ಕೇಳಲಿಲ್ಲ, ಇದೇ ಮೊದಲು.

ಟೆಂಪೋ ಆಗಲೇ ಬಂದಿತ್ತು. ಗೊರೇಬಾಳದವನು ಪಾನಾ ಹಿಡಿದು ಬೋಲ್ಟುಗಳನ್ನು ನೋಡುತ್ತಿದ್ದ. ಪೀರ್‌ಸಾಬರು ಬೆಲ್ಟಿನ ಮೇಲಿನ ಜೇಡ ಬಲೆ ಒರೆಸುತ್ತಿದ್ದರು, ಮಾರಿಹೋಗುವ ಮೆಷಿನ್ನನ್ನು ಯಾಕೆ ಒರೆಸುತ್ತಾರೋ ತಿಳಿಯಲಿಲ್ಲ. ಅಗಸಿ ಓಣಿಯ ಬಾಗಿಲುಗಳಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು, ಒಬ್ಬರೂ ಕೆಳಗಿಳಿಯಲಿಲ್ಲ.

ಆಗ ಮಾಳಿಂಗರಾಯ ಬಂದ. ಹೆಗಲ ಮೇಲೆ ಜೋಳದ ಚೀಲ, ಹಿಂದೆ ಗ್ಯಾನಮ್ಮ. ಬೇವಿನ ಮರ ದಾಟಿ, ರಸ್ತೆ ದಾಟಿ, ಗಿರಣಿಯ ಕಟ್ಟೆಯ ಮೇಲೆ ಚೀಲ ಇಳಿಸಿದ. ಪೀರ್‌ಸಾಬರು ಒರೆಸುವುದನ್ನು ನಿಲ್ಲಿಸಿದರು. ಅವನು ತಲೆ ತಗ್ಗಿಸಿ ಚೀಲದ ಬಾಯಿ ಕಟ್ಟಿದ್ದ ದಾರವನ್ನೇ ಬಿಚ್ಚುತ್ತಿದ್ದ, ಅದು ಬಿಚ್ಚುತ್ತಲೇ ಇರಲಿಲ್ಲ. ಕ್ಷಮೆ ಕೇಳುತ್ತಾನೆ ಅಂದುಕೊಂಡೆ.

‘ಕಾಕಾ, ಸಣ್ಣಗ ಬೀಸು’ ಅಂದ. ‘ಅವ್ವಗ ಹಲ್ಲಿಲ್ಲ.’

ಪೀರ್‌ಸಾಬರು ಅವನ ಹಣೆ ನೋಡಿದರು.

‘ಗಾಯ ಮಾಯ್ತೇನಲೇ?’

‘ಮಾಯ್ತು.’

ಅವರು ಚೀಲ ಎತ್ತಿ ಜೋಳ ಸುರಿದರು, ಸ್ವಿಚ್ ಹಾಕಿದರು. ಬೆಲ್ಟು ಒಮ್ಮೆ ಜಾರಿ, ಒಮ್ಮೆ ಕಿರುಚಿ, ಆಮೇಲೆ ತಿರುಗಿತು. ಗಿರಣಿಯ ಸದ್ದಿಗೆ ಇಡೀ ಊರು ಕಿವಿ ಕೊಟ್ಟಿತು. ಮೊದಲು ಒಬ್ಬಳು ಡಬ್ಬಿ ಹೊತ್ತು ಬಂದಳು, ಹಿಂದೆಯೇ ಇಬ್ಬರು, ಆಮೇಲೆ ಕಟ್ಟೆಯ ಮೇಲೆ ಡಬ್ಬಿ ಇಡಲು ಜಾಗವಿಲ್ಲ. ಒಬ್ಬ ಹುರುಪಿಗೆ ಫೋನು ತೆಗೆದ. ‘ಅದನ್ನ ಕಿಸೇದಾಗ ಇಡಲೇ ಮೊದಲ!’ ಅಂತ ಗ್ಯಾನಮ್ಮ ಗದರಿಸಿದಳು.

ಗೊರೇಬಾಳದವನು ಪಾನಾ ಹಿಡಿದೇ ನಿಂತಿದ್ದ. ‘ಸಾಬರ, ನಾ ಬಿಚ್ಚಬೇಕಲ್ರಿ?’

ಪೀರ್‌ಸಾಬರು ಉತ್ತರ ಕೊಡುವ ಮೊದಲೇ ಗ್ಯಾನಮ್ಮ, ‘ತಡೀಯೋ ತಮ್ಮಾ! ನಡಿಯೋ ಗಿರಣಿಗೆ ಕೈ ಹಾಕ್ತಿಯೇನು? ಕೈ ಹೊಕ್ಕೈತಿ. ಇವರದೆಲ್ಲ ಮುಗೀಲಿ’ ಅಂದಳು.

ಮುಗಿಯಲಿಲ್ಲ. ಒಂದು ಡಬ್ಬಿ ಇಳಿದರೆ ಎರಡು ಬಂದವು. ಮಧ್ಯಾಹ್ನ ಅವನಿಗೂ ಯಾರೋ ಊಟ ಹಾಕಿದರು. ಸಂಜೆ ಹೊತ್ತಿಗೆ ಪಾನಾ ಸೀಟಿನ ಕೆಳಗೆ ಎಸೆದು, ಖಾಲಿ ಟೆಂಪೋ ಹೊಡೆದುಕೊಂಡು ಹೋದ. ಪೀರ್‌ಸಾಬರು ತಲೆಯಿಂದ ಕಾಲತನಕ ಬೆಳ್ಳಗಾಗಿದ್ದರು. ಹಿಟ್ಟನ್ನು ಯಾವ ಕೈಯಲ್ಲಿ ಕೊಟ್ಟರು ಅಂತ ನೋಡುವುದನ್ನೇ ಮರೆತೆ.

ಡಿಸೆಂಬರ್ 13, ಶುಕ್ರವಾರ

ವರದಿಯಲ್ಲಿ ‘ಚರ್ಚೆಯ ಮುಖ್ಯ ಅಂಶಗಳು’ ಅಂತ ಒಂದು ಜಾಗ ಇದೆ. ‘ಸಣ್ಣಗ ಬೀಸು’ ಅಂತ ಬರೆದೆ. ಮೇಡಂ ಏನನ್ನುತ್ತಾರೋ.

ಕಾಕಾ ಕಟ್ಟಿಕೊಟ್ಟ ಹಿಟ್ಟನ್ನು ಅವ್ವ ಬೆರಳಲ್ಲಿ ತಿಕ್ಕಿ ನೋಡಿ, ‘ಎಷ್ಟು ಸಣ್ಣಗ ಬೀಸ್ಯಾರ! ಎಲ್ಲೀದು?’ ಅಂದಳು. ನಮ್ಮ ಹಾಲಗುಡ್ಡದ್ದು ಅಂದೆ. ರಾತ್ರಿ ರೊಟ್ಟಿ ತಟ್ಟಿದಳು, ಒಂದೂ ಹರಿಯಲಿಲ್ಲ. ನನ್ನ ಊಟದ ಡಬ್ಬಿ ಸೋಮವಾರದಿಂದ ಕಾಣುತ್ತಿಲ್ಲ ಅಂತ ಗೊಣಗಿದಳು. ಗ್ಯಾನಮ್ಮನ ಮನೆಯಲ್ಲೋ ಗಿರಣಿಯಲ್ಲೋ ಬಿಟ್ಟಿರಬೇಕು, ನೆನಪಿಲ್ಲ.

‘ಹಂಗಾದ್ರ ಇಷ್ಟು ದಿನ ಅಲ್ಲಿ ಏನು ಉಂಡಿ? ನಿನ್ನ ಅಸಿಡಿಟಿ ಹೆಂಗೈತಿ?’ ಅಂದಳು.

‘ಯಾವ ಅಸಿಡಿಟಿ?’ ಅಂದೆ.